ಹುಡುಗಿಗೆ ಸೂಜಿ, ತೋಳನಿಗೆ ಪಿನ್ನು

ಲಿಟಲ್ ರೆಡ್ ರೈಡಿಂಗ್ ಹುಡ್ ಕಥೆಯ ಕೆಂಪು ಟೋಪಿಯ ಹುಡುಗಿಗೆ ಪಂಕ್ ವೇಷ, ಅಂದರೆ ರಾಕ್ ಸಂಗೀತದ ಬಂಡಾಯದ ಹುಡುಗರ ವೇಷ, ಅಂದ ಕೂಡಲೇ ಎಲ್ಲರ ಸಲಹೆಯೂ ಒಂದೇ. ಮೈ ತುಂಬ ಸೇಫ್ಟಿ ಪಿನ್ ಚುಚ್ಚಿ, ಬಟ್ಟೆಯನ್ನು ನಾಲ್ಕು ಕಡೆ ಹರಿಯಿರಿ, ಕಣ್ಣಿಗೆ ದಪ್ಪ ಕಾಡಿಗೆ ಹಚ್ಚಿ. ನಾನು ಹೊಲಿದುಕೊಟ್ಟ ಹುಡುಗಿಯ ಮೈಮೇಲೆ ಒಂದೇ ಒಂದು ಪಿನ್ನು ಇರಲಿಲ್ಲ. ಪಿನ್ನೆಲ್ಲ ತೋಳನ ಪಾಲಾಯಿತು. ಅದಕ್ಕೆ ಕಾರಣ ಕಥೆಯಲ್ಲೇ ಇದೆ. ನಾಟಕಕ್ಕೆ ವೇಷ ಹೊಲಿಯುವವರಿಗೆ, ಚಿತ್ರ ಬರೆಯುವವರಿಗೆ ಉಪಯೋಗ ಆದೀತು ಅಂತ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ. ಮದುವೆ ಸೀಸನ್ನಿನಲ್ಲಿ ರವಿಕೆ, ಶಾಲೆ ಸುರುವಾಗುವಾಗ ಯೂನಿಫಾರ್ಮ್, ನಡುವೆ ಕ್ಲಬ್ಬುಗಳ ವಾರ್ಷಿಕೋತ್ಸವಕ್ಕೆ ನಾಟಕದ ಬಟ್ಟೆ. ನಮ್ಮೂರಿನ ಕ್ಲಬ್ಬಿನಲ್ಲಿ ಮಕ್ಕಳ ನಾಟಕ ಮಾಡಿಸುವ ಮಾಷ್ಟ್ರು ಅಂಗಡಿಗೆ ಬಂದು, "ಅಕ್ಕಾ, ಕಥೆ ಹಳೆಯದ್ದು. ವೇಷ ಮಾತ್ರ ಈಗಿನ ಮಕ್ಕಳು ಕಣ್ಣರಳಿಸಿ ನೋಡುವ ಹಾಗೆ ಬೇಕು. ಪಂಕ್ ಮಾಡಿದರೆ ಹೇಗೆ?" ಅಂದರು. ಫೋನಿನಲ್ಲಿ ನಾಲ್ಕು ಫೋಟೋ ತೋರಿಸಿದರು. ಫೋಟೋ ನೋಡಿ ಹಾಗೇ ಹೊಲಿಯುವುದು ಕಷ್ಟವಲ್ಲ. ಆದರೆ ಕಥೆ ಓದದೆ ಕತ್ತರಿ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಅಳತೆ ತೆಗೆಯುವ ಮೊದಲು ಕಥೆಯನ್ನು ಹುಡುಕಿ ಓದಿದೆ.

ಒಂದೇ ಕಥೆ ಅಂದುಕೊಂಡಿದ್ದೇವೆ, ಅಲ್ವಾ? ಓದುತ್ತಾ ಹೋದರೆ ಅದರೊಳಗೆ ಬೇರೆ ಬೇರೆ ಹುಡುಗಿಯರಿದ್ದಾರೆ. ಇದನ್ನು ಮೊದಲು ಅಚ್ಚು ಹಾಕಿಸಿದ್ದು ಫ್ರಾನ್ಸಿನ ಶಾರ್ಲ್ ಪೆರೋ, 1697ರಲ್ಲಿ. ಅವರ ಕಥೆಯಲ್ಲಿ ತೋಳ ಅಜ್ಜಿಯನ್ನು ತಿನ್ನುತ್ತಾನೆ, ಹುಡುಗಿಯನ್ನೂ ತಿನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಕಾಪಾಡಲು ಯಾರೂ ಬರುವುದಿಲ್ಲ. ಬೇಟೆಗಾರ ಬರುವುದು 1812ರಲ್ಲಿ, ಜರ್ಮನಿಯ ಗ್ರಿಮ್ ಸಹೋದರರ ಕಥೆಯಲ್ಲಿ. ಅವನು ಎತ್ತಿದ ಕೋವಿಯನ್ನು ಇಳಿಸಿ ಕತ್ತರಿ ತೆಗೆದುಕೊಳ್ಳುತ್ತಾನೆ. ಮಲಗಿದ ತೋಳನ ಹೊಟ್ಟೆಯನ್ನು ಕತ್ತರಿಯಲ್ಲಿ ಬಿಡಿಸುತ್ತಾನೆ. ಟೈಲರ್ ಆದ ನನಗೆ ಆ ಜಾಗ ಬಹಳ ಇಷ್ಟ. ಹೊಟ್ಟೆಗೆ ತುಂಬಲು ಕಲ್ಲು ಹೊತ್ತು ತರುವವಳು ಹುಡುಗಿಯೇ.

ನಾವು ಹೇಳುವಾಗ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಗ್ರಿಮ್ ಪುಸ್ತಕದಲ್ಲಿ ಮುಂದೆ ಇನ್ನೊಂದು ತುಂಡು ಇದೆ. ಮತ್ತೊಂದು ಸಲ ಹುಡುಗಿ ಹೋಗುವಾಗ ಇನ್ನೊಬ್ಬ ತೋಳ ಮಾತಿಗೆ ಎಳೆಯುತ್ತಾನೆ. ಈ ಸಲ ಅವಳು ನಿಲ್ಲುವುದಿಲ್ಲ. ಸೀದಾ ಅಜ್ಜಿಯ ಮನೆಗೆ ಹೋಗಿ ಬಾಗಿಲು ಹಾಕುತ್ತಾಳೆ. ತೋಳ ಮನೆಯ ಮಾಡು (ಛಾವಣಿ) ಹತ್ತಿ ಕಾಯುತ್ತಾನೆ. ಮನೆ ಎದುರು ದೊಡ್ಡ ಕಲ್ಲಿನ ಮರಿಗೆ, ಅಂದರೆ ತೊಟ್ಟಿ, ಇದೆ. ಹಿಂದಿನ ದಿನ ಸಾಸೇಜ್ ಬೇಯಿಸಿದ ನೀರನ್ನು ಅದಕ್ಕೆ ಹೊತ್ತು ಹೊಯ್ಯಲು ಅಜ್ಜಿ ಹೇಳುತ್ತಾಳೆ. ವಾಸನೆ ಹಿಡಿದು ಕತ್ತು ಚಾಚಿದ ತೋಳ ಜಾರಿ ಮರಿಗೆಗೆ ಬಿದ್ದು ಮುಳುಗುತ್ತಾನೆ. ಬೇಟೆಗಾರನ ಸುದ್ದಿಯೇ ಇಲ್ಲ. ಅಜ್ಜಿ ಮತ್ತು ಮೊಮ್ಮಗಳು ಸೇರಿ ಮುಗಿಸಿದ ಕೆಲಸ ಅದು.

ಇನ್ನೂ ಒಂದಿದೆ. ಫ್ರಾನ್ಸಿನ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಬರೆದಿಟ್ಟುಕೊಂಡ ರೂಪ. ಅದರಲ್ಲಿ ಕೆಂಪು ಟೋಪಿಯೇ ಇಲ್ಲ. ಕವಲುದಾರಿಯಲ್ಲಿ ತೋಳ ಕೇಳುತ್ತಾನೆ: ಸೂಜಿಯ ದಾರಿಯಲ್ಲಿ ಹೋಗುತ್ತೀಯಾ, ಪಿನ್ನಿನ ದಾರಿಯಲ್ಲಾ? ಸೂಜಿಯ ದಾರಿ ಅನ್ನುತ್ತಾಳೆ ಹುಡುಗಿ. ತೋಳ ಪಿನ್ನಿನ ದಾರಿ ಹಿಡಿದು ಮೊದಲು ತಲುಪುತ್ತಾನೆ. ಕೊನೆಗೆ ಹುಡುಗಿ ಹೊರಗೆ ಹೋಗಬೇಕು ಅಂತ ನೆವ ಹೇಳುತ್ತಾಳೆ. ಅವನು ಕಾಲಿಗೆ ಹಗ್ಗ ಕಟ್ಟಿ ಬಿಟ್ಟರೆ, ಆ ಹಗ್ಗವನ್ನು ಪ್ಲಮ್ ಮರಕ್ಕೆ ಕಟ್ಟಿ ಓಡಿ ಮನೆ ಸೇರುತ್ತಾಳೆ.

ಇದನ್ನು ಓದಿದ ದಿನವೇ ವೇಷ ಹೇಗಿರಬೇಕು ಅಂತ ನನಗೆ ಗೊತ್ತಾಯಿತು. ಸೂಜಿಗೂ ಪಿನ್ನಿಗೂ ಇರುವ ವ್ಯತ್ಯಾಸ ಹೊಲಿಯುವವರಿಗೆ ಕೈಯಲ್ಲೇ ಗೊತ್ತಿರುತ್ತದೆ. ಪಿನ್ನು ಆ ಹೊತ್ತಿಗೆ ಹಿಡಿದು ನಿಲ್ಲಿಸುತ್ತದೆ, ಸೂಜಿ ಸೇರಿಸುತ್ತದೆ. ನಾವು ಪಿನ್ ಚುಚ್ಚುವುದೇ ಆಮೇಲೆ ತೆಗೆಯಲಿಕ್ಕೆ. ಅಜ್ಜಿಯ ಬಟ್ಟೆ ಹಾಕಿಕೊಂಡು ಸ್ವಲ್ಪ ಹೊತ್ತು ಅಜ್ಜಿಯಾಗಿರುವವನಿಗೆ ಪಿನ್ನೇ ಸರಿ. ಹುಡುಗಿಯ ಬಟ್ಟೆಯೆಲ್ಲ ಕೈಹೊಲಿಗೆಯಲ್ಲಿ ಇರಬೇಕು, ಹೊಲಿಗೆ ದೂರಕ್ಕೆ ಕಾಣಬೇಕು. ಕಥೆಯ ಪಿನ್ನು ಗುಂಡುಪಿನ್ನು ಅಂತ ಗೊತ್ತು. ಸೇಫ್ಟಿ ಪಿನ್ನಿಗೆ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದದ್ದೇ 1849ರಲ್ಲಿ. ಆದರೆ ವೇದಿಕೆಯಿಂದ ಕಾಣುವುದು ದೊಡ್ಡ ಸೇಫ್ಟಿ ಪಿನ್ನು. ಪಂಕ್‌ನ ಗುರುತೂ ಅದೇ.

"ಪಿನ್ ಇಲ್ಲದಿದ್ದರೆ ಅವಳು ಪಂಕ್ ಹೇಗಾಗುತ್ತಾಳೆ?" ಅಂತ ಮಾಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ. ಪಂಕ್ ಬೆಳೆದದ್ದು 1970ರ ದಶಕದ ನಡುವೆ, ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ. ಲಂಡನ್ನಿನ ಕಿಂಗ್ಸ್ ರೋಡ್‌ನ 430ನೇ ನಂಬರಿನ ಅಂಗಡಿಯಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ಆ ಬಟ್ಟೆಗಳನ್ನು ಮಾಡಿ ಮಾರಿದರು. ವೆಸ್ಟ್‌ವುಡ್ ಅದಕ್ಕೆ ಮೊದಲು ಪ್ರೈಮರಿ ಶಾಲೆಯ ಟೀಚರ್. ಆ ಅಂಗಡಿಯಲ್ಲಿ ಕೊಳ್ಳಲು ದುಡ್ಡಿಲ್ಲದ ಹುಡುಗ ಹುಡುಗಿಯರು ಹಳೆ ಕೋಟು, ಶಾಲೆಯ ಶರ್ಟು, ಶೌಚಾಲಯದ ಚೈನು, ಸಿಕ್ಕಿದ್ದನ್ನೆಲ್ಲ ಸೇರಿಸಿ ಮನೆಯಲ್ಲೇ ಮಾಡಿಕೊಂಡರು. ಕೆಲಸ ಸಿಗದ ಕಾಲ ಅದು. ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳುತ್ತೇವೆ, ಯಾರ ಒಪ್ಪಿಗೆಯೂ ಬೇಡ ಅನ್ನುವುದು ಪಂಕ್‌ನ ಜೀವ. ತಾನೇ ಹಗ್ಗ ಬಿಚ್ಚಿ ಮರಕ್ಕೆ ಕಟ್ಟಿದ ಹುಡುಗಿಗೆ ಆ ಗುಣ ಮೊದಲೇ ಇದೆ. ಅದು ಬಟ್ಟೆಯಲ್ಲಿ ಕಂಡರೆ ಸಾಕು. ಬೇರೆ ದೇಶದ ಯಾವ ಶೈಲಿಯನ್ನು ತಂದರೂ ನಾನು ಮೊದಲು ಇದನ್ನೇ ನೋಡುವುದು: ಆ ಶೈಲಿಯವರ ಸ್ವಭಾವ ಮತ್ತು ಪಾತ್ರದ ಸ್ವಭಾವ ಎಲ್ಲಿ ಸೇರುತ್ತದೆ? ಸೇರುವ ಜಾಗ ಸಿಗದಿದ್ದರೆ ಆ ಶೈಲಿ ಬಿಟ್ಟುಬಿಡಿ. ಸುಮ್ನೆ ಕಪ್ಪು ಬಳಿದರೆ ಅದು ಬರೀ ಕಪ್ಪು ಬಟ್ಟೆ.

ಇನ್ನು ಬಟ್ಟೆ. ಪೆರೋ ಕಥೆಯಲ್ಲೂ ಗ್ರಿಮ್ ಕಥೆಯಲ್ಲೂ ಕೆಂಪು ಟೋಪಿ ಬಂದದ್ದು ಅಜ್ಜಿಯ ಕಡೆಯಿಂದ. ಹಾಗಾಗಿ ಹೊಸ ಬಟ್ಟೆ ತರುವ ಪ್ರಶ್ನೆಯೇ ಇರಲಿಲ್ಲ. ಪಂಕ್ ಬಟ್ಟೆಯಲ್ಲಿ ಕೆಂಪು ಚೌಕದ ಟಾರ್ಟನ್ ಮುಖ್ಯ. ಸ್ಕಾಟ್‌ಲೆಂಡಿನ ಮನೆತನಗಳ ಉಣ್ಣೆ ಬಟ್ಟೆ ಅದು. ನಮ್ಮಲ್ಲಿ ಅದಕ್ಕೆ ಸಮನಾದ್ದು ಯಾವುದು? ಕಾಸರಗೋಡು ಸೀರೆ! ನಮ್ಮ ಕೈಮಗ್ಗದ ಹತ್ತಿ ಸೀರೆ. ಗೆರೆ, ಚೌಕಕ್ಕೇ ಹೆಸರಾದದ್ದು, ಭೌಗೋಳಿಕ ಗುರುತಿನ ಮಾನ್ಯತೆ ಇರುವಂಥದ್ದು. ನನ್ನ ಅತ್ತೆಯ ಪೆಟ್ಟಿಗೆಯಲ್ಲಿ ಕೆಂಪಿನ ಮೇಲೆ ಕಪ್ಪು ಚೌಕದ್ದು ಒಂದಿತ್ತು.

"ಅತ್ತೆ, ಇದನ್ನು ಕತ್ತರಿಸಲಾ?" ಅಂತ ಕೇಳಿದೆ.

"ಕತ್ತರಿಸು ಮಾರಾಯ್ತಿ. ಪೆಟ್ಟಿಗೆಯಲ್ಲಿಟ್ಟು ಎಂತ ಮಾಡುವುದು? ಸೆರಗು ಮಾತ್ರ ಎದುರು ಕಾಣುವ ಹಾಗೆ ಹಾಕು. ಒಳಗೆ ಮಡಚಿ ಹಾಳು ಮಾಡಬೇಡ."

ಸೆರಗು ಹುಡ್‌ನ, ಅಂದರೆ ತಲೆ ಮುಚ್ಚುವ ಕೆಂಪು ಟೋಪಿಯ, ಅಂಚಾಯಿತು, ಮುಖದ ಸುತ್ತ. ಅತ್ತೆ ಹೇಳದಿದ್ದರೆ ನನಗೆ ಅದು ಹೊಳೆಯುತ್ತಿರಲಿಲ್ಲ.

ಒಗೆದು ಒಗೆದು ಮೆತ್ತಗಾದ ಸೀರೆ ತಲೆ ಮೇಲೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಒಳಗೆ ಕಾಲರಿಗೆ ಹಾಕುವ ಬಕ್ರಂ ಕೊಟ್ಟು ಇಸ್ತ್ರಿ ಮಾಡಿದೆ. ಹುಡ್ ಅನ್ನು ಎರಡು ತುಂಡಿನಲ್ಲಿ ಹೊಲಿಯುವುದು ರೂಢಿ. ನಾನು ಮೂರು ತುಂಡು ಮಾಡಿದೆ. ಎರಡು ಬದಿ, ನಡುವೆ ಹಣೆಯಿಂದ ಕುತ್ತಿಗೆವರೆಗೆ ಒಂದು ಪಟ್ಟಿ. ಪಟ್ಟಿಯ ಎರಡೂ ಜೋಡಣೆಯ ಸಂದಿಗೆ ಮುಳ್ಳು ಸೇರಿಸಬಹುದು. ಪಂಕ್ ಹುಡುಗರು ತಲೆ ಮಧ್ಯೆ ಕೂದಲು ನೆಟ್ಟಗೆ ನಿಲ್ಲಿಸುತ್ತಾರಲ್ಲ, ಆ ಆಕಾರ ಟೋಪಿಗೇ ಬಂತು. ಮಗುವಿನ ಕೂದಲಿಗೆ ಯಾವ ಅಂಟೂ ಹಚ್ಚಬೇಕಾಗಲಿಲ್ಲ. ಚೌಕದ ಗೆರೆಗಳು ಜೋಡಣೆಯಲ್ಲಿ ಒಂದಕ್ಕೊಂದು ಕೂರಬೇಕು. ಅದಕ್ಕೆ ತಾಳ್ಮೆ ಬೇಕು, ಸೀರೆ ಸ್ವಲ್ಪ ಜಾಸ್ತಿಯೇ ಬೇಕು. ಈ ಒಂದು ಕಡೆ ಅರೆಬರೆ ಮಾಡಿದರೆ ಇಡೀ ವೇಷ ಹರಕು ಬಟ್ಟೆಯ ಹಾಗೆ ಕಾಣುತ್ತದೆ.

ಮುಳ್ಳು ಮಾಡಿದ್ದು ಅಡಿಕೆ ಹಾಳೆಯಲ್ಲಿ. ಜಾಕೆಟ್ಟಿನ ಭುಜ ಮತ್ತು ಕಾಲರೂ ಅದರದ್ದೇ. ಲೆದರ್ ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ, ಬೂಸು ಹಿಡಿಯುತ್ತದೆ, ಮಕ್ಕಳಿಗೆ ಭಾರ. ಹಾಳೆ ತೋಟದಲ್ಲಿ ಬಿದ್ದಿರುತ್ತದೆ. ಮುಟ್ಟಾಳೆ (ಹಾಳೆಯ ಟೋಪಿ) ಮಾಡುವವರು ಅದನ್ನು ಹೇಗೆ ಬಗ್ಗಿಸುತ್ತಾರೆ ಅಂತ ಸಣ್ಣದರಲ್ಲಿ ನೋಡಿದ್ದೇನೆ. ಮಾಡುವ ಕ್ರಮ ಹೀಗೆ. ಬಿರುಕಿಲ್ಲದ ಅಗಲ ಹಾಳೆಯನ್ನು ರಾತ್ರಿ ನೀರಲ್ಲಿ ಹಾಕಿಡಬೇಕು. ಬೆಳಗ್ಗೆ ಅದು ಚರ್ಮದಷ್ಟೇ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಉಜ್ಜಿ ತೊಳೆದು, ಒರೆಸಿ, ಬೇಕಾದ ಆಕಾರಕ್ಕೆ ಬಗ್ಗಿಸಿ ಕಟ್ಟಿ ನೆರಳಲ್ಲಿ ಒಣಗಿಸಬೇಕು. ಭುಜದ ತುಂಡನ್ನು ನಾನು ಸ್ಟೀಲ್ ಚೆಂಬಿನ ಮೇಲೆ ಕಟ್ಟಿ ಒಣಗಿಸಿದೆ, ಉರುಟು ಸರಿಯಾಗಿ ಬಂತು. ಒಣಗಿದ ಮೇಲೆ ಒಳಬದಿಗೆ ಹಳೆ ಹತ್ತಿ ಬಟ್ಟೆಯನ್ನು ಫೆವಿಕಾಲ್ ಹಾಕಿ ಅಂಟಿಸುವುದು ಕಡ್ಡಾಯ. ಹಾಳೆಯ ನಾರು ಉದ್ದಕ್ಕೆ ಹೋಗುತ್ತದೆ, ಬಟ್ಟೆಯ ಆಸರೆ ಇಲ್ಲದಿದ್ದರೆ ಹೊಲಿಗೆಯ ತೂತಿನಿಂದ ತೂತಿಗೆ ಸೀಳುತ್ತದೆ. ಇದೇ ಕಾರಣಕ್ಕೆ ಹಾಳೆಯನ್ನು ಮೆಷಿನ್ನಿಗೆ ಕೊಡಬಾರದು. ಮೆಷಿನ್ನಿನ ಹೊಲಿಗೆ ತೀರಾ ಹತ್ತಿರ ಹತ್ತಿರ ಬೀಳುತ್ತದೆ. ದಬ್ಬಣದಲ್ಲಿ ದೂರ ದೂರ ತೂತು ಮಾಡಿ, ತೂತುಗಳು ಒಂದೇ ನಾರಿನ ಮೇಲೆ ಬೀಳದ ಹಾಗೆ ಸ್ವಲ್ಪ ಆಚೀಚೆ ಇಟ್ಟು, ದಪ್ಪ ಬಿಳಿ ನೂಲಿನಲ್ಲಿ ಕೈಯಲ್ಲೇ ಹೊಲಿದೆ. ಸೂಜಿಯ ದಾರಿ ಹಿಡಿದವಳ ಜಾಕೆಟ್ಟಿನಲ್ಲಿ ಹೊಲಿಗೆ ಎದ್ದು ಕಾಣಬೇಕು ಅಂತ ಇತ್ತಲ್ಲ, ಹಾಳೆಯೂ ಅದನ್ನೇ ಕೇಳಿತು.

ಕಪ್ಪು ಪೇಂಟ್ ತೆಳ್ಳಗೆ ಕೊಟ್ಟರೆ ಹಾಳೆಯ ಗೆರೆಗಳು ಅಡಿಯಿಂದ ಕಾಣುತ್ತವೆ. ಅದು ಚಂದ. ದಪ್ಪಕ್ಕೆ ಬಳಿದು ಮುಚ್ಚಬೇಡಿ. ಲೋಹದ ಮೊಳೆಗಳ ಬದಲು ಟಿಚ್ ಬಟನ್‌ಗಳನ್ನು ಸಾಲಾಗಿ ಹೊಡೆದೆ. ಬೂಟಿಗೆ ತೋಟದ ಕೆಲಸದವರು ಹಾಕುವ ಗಂಬೂಟು. ಪಂಕ್ ಹುಡುಗರು ಮೆಚ್ಚಿದ ಡಾಕ್ಟರ್ ಮಾರ್ಟೆನ್ಸ್ ಬೂಟೂ ಮೊದಲು ಕೆಲಸಗಾರರ ಬೂಟೇ. ಅದರ ಒಂದೊಂದು ಬದಿಗೆ ಎಂಟು ತೂತಿನ ಮಾದರಿ 1960ರ ಏಪ್ರಿಲ್ 1ರಂದು ಬಂತು, ಹಾಗಾಗಿ ಅದರ ಹೆಸರೇ 1460. ಗಂಬೂಟಿನ ಎದುರು ಸೀಳಿಸಿ, ಬ್ಯಾನರ್ ಮಾಡುವ ಅಂಗಡಿಯಲ್ಲಿ ಐಲೆಟ್ ಹೊಡೆಸಿ ಲೇಸ್ ಹಾಕಿದೆ. ಬದಿಗೆ ನಾಲ್ಕು, ಒಟ್ಟು ಎಂಟು.

ಜಾಕೆಟ್ಟಿನ ಬೆನ್ನಿನ ಮೇಲೆ ಏನಾದರೂ ಬರೆಯಲೇಬೇಕು, ಪಂಕ್‌ನಲ್ಲಿ ಬೆನ್ನು ಖಾಲಿ ಬಿಡುವ ಕ್ರಮ ಇಲ್ಲ. "ದಾರಿ ನನಗೆ ಗೊತ್ತು" ಅಂತ ಬರೆದೆವು. ಪೇಪರಿನ ಅಕ್ಷರ ಕತ್ತರಿಸಿ ಅಂಟಿಸಿದ ಹಾಗೆ ಕಾಣುವ ಬರಹವನ್ನು ಪಂಕ್‌ಗೆ ಗುರುತಾಗಿಸಿದವರು ಜೇಮೀ ರೀಡ್ ಅನ್ನುವ ಕಲಾವಿದ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕತ್ತರಿಸಿದರೆ ಸಾಕು. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲ ಅಕ್ಷರದ ಜೊತೆಗೇ ಒಂದೇ ಚೀಟಿಯಲ್ಲಿ ಬರಬೇಕು. 'ತ್ತು' ಅನ್ನುವುದನ್ನು ಬಿಡಿಸಿ ಅಂಟಿಸಿದರೆ ಯಾರಿಗೂ ಓದಲು ಬರುವುದಿಲ್ಲ. ಒತ್ತಕ್ಷರದ ಚೀಟಿ ಉದ್ದವಾಗುತ್ತದೆ, ಉಳಿದವು ಗಿಡ್ಡ. ಆ ಏರುಪೇರೇ ಕನ್ನಡದ ಪಂಕ್ ಬರಹಕ್ಕೆ ಒಂದು ಗತ್ತು ಕೊಡುತ್ತದೆ. ಬಲಗೈಯ ಮೇಲೆ ಅದೇ ಮಾತು ಮಲಯಾಳಂ ಅಕ್ಷರದಲ್ಲಿ. ನಮ್ಮ ನಾಟಕ ನೋಡಲು ಬರುವವರ ಮನೆಮಾತು ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಇರುತ್ತದೆ. ಹುಡುಗಿಯ ಪಾರ್ಟು ಮಾಡಿದ ಮಗುವೇ ಆ ಮಲಯಾಳಂ ಅಕ್ಷರಗಳನ್ನು ಕತ್ತರಿಸಿ ಕೊಟ್ಟಳು.

ಅವಳ ಅಮ್ಮ ಟ್ರಯಲ್‌ಗೆ ಬಂದಾಗ ಮಂಡಿಯ ಮೇಲಿನ ತೇಪೆ ನೋಡಿ ಮುಖ ಸಣ್ಣ ಮಾಡಿದರು. "ಅಕ್ಕಾ, ತೇಪೆ ಹಾಕಿದ ಪ್ಯಾಂಟು ಬೇಡ. ಇಲ್ಲದವರ ಮನೆಯ ಮಗು ಅಂತ ಎಲ್ಲರೂ ನೋಡ್ತಾರೆ." ಅವರ ಮಾತಿನಲ್ಲಿ ಹುರುಳಿತ್ತು. ಬೇರೆಯವರು ಬಿಟ್ಟ ಬಟ್ಟೆ ಹಾಕಿ ಶಾಲೆಗೆ ಹೋದವರಿಗೆ ತೇಪೆ ಆಟದ ವಸ್ತುವಲ್ಲ. ಪಾತ್ರದ ಬಟ್ಟೆ ಯಾಕೆ ಹರಿದಿದೆ ಅಂತ ಕೇಳಿದರೆ ಉತ್ತರ ಇರಬೇಕು, ಇಲ್ಲದಿದ್ದರೆ ಹರಿಯಬಾರದು. ನಮ್ಮ ಹುಡುಗಿಯ ಮಂಡಿ ಹರಿದದ್ದು ಹಗ್ಗ ಬಿಚ್ಚಿ ಓಡುವಾಗ. ಹೊಲಿದವಳು ಅವಳೇ. ತೇಪೆಯನ್ನು ಅದೇ ಸೀರೆಯ ತುಂಡಿನಲ್ಲಿ ಹಾಕಿ ಸುತ್ತ ಕಸೂತಿಯ ಹಾಗೆ ದಪ್ಪ ಹೊಲಿಗೆ ಹಾಕಿದೆ. ಹುಡ್‌ಗೂ ಮಂಡಿಗೂ ಜೋಡಿ ಕೂತಿತು. ಆಮೇಲೆ ಆ ಅಮ್ಮನೇ, "ಇನ್ನೊಂದು ಮಂಡಿಗೂ ಹಾಕಿ," ಅಂದರು.

ತೋಳನ ಬಗ್ಗೆ ಕ್ಲಬ್ಬಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಇದು ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಎಲ್ಲರ ಕಣ್ಣಲ್ಲಿದೆ. ತೋಳನ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ, ಅಂದರೆ ಮುಳ್ಳು ಮುಳ್ಳಾದ ಬಿಳಿ ಚುಕ್ಕಿ, ಇಟ್ಟರೆ ಪಂಕ್ ಮುಳ್ಳಿನ ಹಾಗೇ ಕಾಣುತ್ತದೆ ಅಂತ ಹುಡುಗರ ವಾದ. ಕಾಣುತ್ತದೆ, ಸುಳ್ಳಲ್ಲ. ಆದರೂ ನಾನು ಒಪ್ಪಲಿಲ್ಲ. ಚುಟ್ಟಿ ಇಟ್ಟ ಕೂಡಲೇ ನಮ್ಮ ಜನರಿಗೆ ರಾಕ್ಷಸ ಅಂತ ಗೊತ್ತಾಗುತ್ತದೆ. ಗೊತ್ತಾದರೆ ಹುಡುಗಿ ಮೋಸ ಹೋಗುವುದು ಹೇಗೆ? ಪೆರೋ ಕಥೆಯ ಕೊನೆಗೆ ಹೇಳುವುದೇ ಅದನ್ನು: ಮೆದು ಮಾತಿನ, ವಿನಯದ ತೋಳಗಳೇ ಎಲ್ಲಕ್ಕಿಂತ ಅಪಾಯ.

ಹಾಗಾಗಿ ತೋಳನಿಗೆ ಪಂಕ್ ಬೇಡ, ಮಾಡ್ ಶೈಲಿ ಕೊಡೋಣ ಅಂದೆ. 1960ರ ದಶಕದ ಲಂಡನ್ನಿನ ಮಾಡ್ ಹುಡುಗರು ಅಂದರೆ ಶೋಕಿ. ಮೈಗೆ ಅಂಟಿದ ಸೂಟು, ಸಣ್ಣ ಟೈ, ಪಾಲಿಶ್ ಶೂ, ಸಾಲು ಸಾಲು ಕನ್ನಡಿ ಹಾಕಿದ ಇಟಲಿಯ ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರ್. ಪಂಕ್‌ಗಿಂತ ಒಂದು ತಲೆಮಾರು ಹಿರಿಯರು. ಹುಡುಗಿಗಿಂತ ದೊಡ್ಡವನು, ನೀಟಾಗಿರುವವನು, "ಎಲ್ಲಿಗೆ ಹೊರಟೆ ಮಗೂ?" ಅಂತ ಸ್ಕೂಟರ್ ನಿಲ್ಲಿಸಿ ಕೇಳುವವನು. ಅವನು ಅಜ್ಜಿಯ ಮನೆಗೆ ಮೊದಲು ಹೇಗೆ ತಲುಪಿದ ಅನ್ನುವುದಕ್ಕೂ ಸ್ಕೂಟರೇ ಉತ್ತರ. ಯಾರದ್ದೋ ಮದುವೆಯ ಬೂದು ಸೂಟನ್ನು ಬದಿಯಿಂದ ಹಿಡಿದು ಚಿಕ್ಕದು ಮಾಡಿದೆ. ಸ್ಕೂಟರಿನ ಎದುರು ಭಾಗ ರಟ್ಟಿನದ್ದು, ಕನ್ನಡಿ ಮಾತ್ರ ನಿಜವಾದದ್ದು.

ಎರಡನೇ ದೃಶ್ಯದಲ್ಲಿ ಅವನು ಸೂಟಿನ ಮೇಲೆಯೇ ಅಜ್ಜಿಯ ಹೂವಿನ ನೈಟಿ ಹಾಕುತ್ತಾನೆ. ಅದರ ಬದಿ, ಬೆನ್ನು, ಕೈ ಎಲ್ಲದರ ಹೊಲಿಗೆ ಬಿಚ್ಚಿ, ದೊಡ್ಡ ಸೇಫ್ಟಿ ಪಿನ್ನುಗಳಲ್ಲಿ ಸೇರಿಸಿದೆ. ಪಿನ್ನಿಗೂ ಪಿನ್ನಿಗೂ ನಡುವೆ ಬಾಯಿ ತೆರೆದು ಒಳಗಿನ ಬೂದು ಸೂಟು ಕಾಣುತ್ತದೆ. ಅವನು ಉಸಿರು ಎಳೆದರೆ ಬಾಯಿ ದೊಡ್ಡದಾಗುತ್ತದೆ. ಮಕ್ಕಳ ನಾಟಕ ಆದ್ದರಿಂದ ಪಿನ್ನಿನ ತುದಿಯನ್ನೆಲ್ಲ ಅರದಲ್ಲಿ ಉಜ್ಜಿ ಮೊಂಡು ಮಾಡಿದೆ. ಮೊಂಡಾದ ಪಿನ್ನು ಬಟ್ಟೆ ಚುಚ್ಚುವುದಿಲ್ಲ, ಅದಕ್ಕೆ ಅಂಚಿನಲ್ಲಿ ಗುಂಡಿತೂತಿನ ಹಾಗೆ ಸಣ್ಣ ತೂತು ಹೊಲಿದು ಅದರಲ್ಲಿ ದಾಟಿಸಿದೆ. ಹಾಕಿದ ಪಿನ್ನಿನ ಬಾಯಿಗೆ ನೂಲು ಸುತ್ತಿ ಗಂಟು ಹಾಕಿದರೆ ಕುಣಿದರೂ ಬಿಚ್ಚುವುದಿಲ್ಲ. ಸೈಡಿನಿಂದ ಬೆಳಕು ಬಿದ್ದರೆ ಪಿನ್ನುಗಳು ಹಲ್ಲಿನ ಸಾಲಿನಂತೆ ಮಿನುಗುತ್ತವೆ. ಲೈಟಿನ ಹುಡುಗನ ಹತ್ತಿರ ಮೊದಲೇ ಹೇಳಿಟ್ಟಿದ್ದೆ.

ಕಲ್ಲಿನ ಮರಿಗೆಯ ದೃಶ್ಯವನ್ನು ಮಾಷ್ಟ್ರು ಸೇರಿಸಿಕೊಂಡರು. ಸಾಸೇಜ್ ನೀರಿನ ಬದಲು ಬಂಗುಡೆ ಸಾರು. ಮಾಡಿನ ಮೇಲಿನ ತೋಳ ಮೂಗು ಎತ್ತಿದಾಗ ಎದುರು ಕೂತ ಮಕ್ಕಳೆಲ್ಲ ಮೂಗು ಎತ್ತಿದರು. ಹುಡುಗಿ ಹುಡ್ ಹಾಕಿಕೊಂಡು ಜನರಿಗೆ ಬೆನ್ನು ತೋರಿಸಿ ನಿಂತಳು. ಓದಲು ಬರುವ ಮಕ್ಕಳು ಓದಲು ಬಾರದ ಸಣ್ಣವರಿಗೆ ಆ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನನ್ನ ಅತ್ತೆ ಎದುರಿನ ಸಾಲಿನಲ್ಲಿ ಕೂತು ಪಕ್ಕದವರಿಗೆಲ್ಲ ಸೆರಗು ತೋರಿಸುತ್ತಿದ್ದರು.

ಹಾಳೆಯ ಜಾಕೆಟ್ಟು ಈಗಲೂ ಗಟ್ಟಿಯಾಗಿದೆ. ಮಳೆಗಾಲದಲ್ಲಿ ಅಡಿಗೆ ಮನೆಯ ಅಟ್ಟದಲ್ಲಿ, ಹೊಗೆ ತಾಗುವಲ್ಲಿ ಇಟ್ಟರೆ ಬೂಸು ಬರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹುಡ್‌ನ ಮುಳ್ಳು ಬಗ್ಗಿದರೆ ಒದ್ದೆ ಬಟ್ಟೆ ಸುತ್ತಿಟ್ಟು ಮತ್ತೆ ನೆಟ್ಟಗೆ ಮಾಡಬಹುದು.

ಈಗ ಪೆರ್ಲದ ಕಡೆಯ ಒಂದು ತಂಡದವರು ಸಿಂಡ್ರೆಲ್ಲಾ ಕೇಳಿದ್ದಾರೆ. ನನ್ನ ಮನಸ್ಸು ಹಿಪ್‌ಹಾಪ್ ಕಡೆಗಿದೆ. ನ್ಯೂಯಾರ್ಕಿನ ರನ್-ಡಿಎಂಸಿ ತಂಡದವರು 1980ರ ದಶಕದಲ್ಲಿ ಅಡಿಡಾಸ್ ಶೂಗಳನ್ನು ಲೇಸ್ ಇಲ್ಲದೆ ಹಾಕುತ್ತಿದ್ದರು. ಲೇಸ್ ಇಲ್ಲದ ಶೂ ಓಡುವಾಗ ಕಾಲಿನಿಂದ ಕಳಚುತ್ತದೆ, ಸಿಂಡ್ರೆಲ್ಲಾಗೆ ಬೇಕಾದ್ದೂ ಅದೇ. ಗ್ರಿಮ್ ಕಥೆಯಲ್ಲಿ ರಾಜಕುಮಾರ ಮೆಟ್ಟಿಲಿಗೆಲ್ಲ ಡಾಂಬರಿನಂಥ ಅಂಟು ಬಳಿಸಿ ಶೂ ಹಿಡಿಯುತ್ತಾನೆ. ಆ ಅಂಟನ್ನು ವೇದಿಕೆಯ ಮೇಲೆ ಯಾವುದರಲ್ಲಿ ಮಾಡುವುದು ಅಂತ ಯೋಚಿಸುತ್ತಿದ್ದೇನೆ. ಹಲಸಿನ ಮೇಣ ಹಚ್ಚಿದರೆ ಶೂ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಮೆಟ್ಟಿಲಿಗೂ ಶೂವಿನ ಅಡಿಗೂ ವೆಲ್ಕ್ರೋ ಪಟ್ಟಿ ಅಂಟಿಸಿ ನೋಡಬೇಕು.